ಹಳೇ ಐ5 ಕಂಪ್ಯೂಟರಿಗೆ ದುಡ್ಡು ಹಾಕೋದಾ, ಹೊಸದು ಕಟ್ಟಿಸೋದಾ?

ಸೋಮವಾರಪೇಟೆಯಿಂದ ನೀವು ಕೇಳಿದ್ದೀರಿ: ಆನ್ ಆಗೋಕೆ ಐದು ನಿಮಿಷ ಬೇಕು, ಮಳೆಗಾಲದಲ್ಲಿ ಬೀಪ್ ಹೊಡೆದು ಪರದೆ ಬರಲ್ಲ, ಏನು ಮಾಡ್ಲಿ ಅಂತ. ನಿಮ್ಮ ಐ5-4460 ಪ್ರೊಸೆಸರ್, 4 ಜಿಬಿ ರ‍್ಯಾಮ್ ಯಂತ್ರದಲ್ಲಿ ಕಾಫಿ ತೋಟದ ಲೆಕ್ಕ, ಬ್ರೌಸರ್ ಅಷ್ಟೇ ಅಂದ್ರೆ ಹೊಸದು ಬೇಡ. ಆನ್ ಆಗೋಕೆ ಐದು ನಿಮಿಷ ಹಿಡಿಯೋದು ಹಾರ್ಡ್ ಡಿಸ್ಕಿಂದ. ಅದರ ಬದಲು ಚಿಪ್ ಇರೋ ವೇಗದ ಡಿಸ್ಕ್, ಅಂದ್ರೆ 500 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿ, ಮುಂದೆ ಹೊಸ ಯಂತ್ರಕ್ಕೂ ಆಗುತ್ತೆ. ಈ ಯಂತ್ರದ ಹಳೇ ಬಗೆಯ ಡಿಡಿಆರ್3 ರ‍್ಯಾಮ್ ಮಾತ್ರ ಹೊಸ ಬೋರ್ಡಿಗೆ ಕೂರಲ್ಲ. ಅದಕ್ಕೇ ಅದನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ 4 ಜಿಬಿ ಸೇರಿಸಿದ್ರೆ ಸಾಕು.

ಮಳೆಗಾಲದಲ್ಲಿ ಬೀಪ್ ಹೊಡೆದು ಡಿಸ್‌ಪ್ಲೇ ಬರದಿರೋದಕ್ಕೆ ಮೊದಲ ಅನುಮಾನ ರ‍್ಯಾಮ್ ಮೇಲೆ. ನಮ್ಮ ಕೊಡಗಿನ ತೇವ ಗೊತ್ತಲ್ಲ! ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಿಕ್ ಅನ್ನೋವರೆಗೆ ಒತ್ತಿ.

ಬೋರ್ಡಿನ ಕೆಪಾಸಿಟರ್ (ಪುಟ್ಟ ಡಬ್ಬಿಯಂಥ ಬಿಡಿಭಾಗ) ತಲೆ ಉಬ್ಬಿದ್ರೆ ಒಂದು ರೂಪಾಯಿನೂ ಸುರಿಯಬೇಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಈ 4ನೇ ತಲೆಮಾರಿನ ಪ್ರೊಸೆಸರಿಗೆ ಅಧಿಕೃತವಾಗಿ ಇಲ್ಲ. ಬೋರ್ಡ್ ಹಾಗೆ ಕೆಟ್ಟಿದ್ರೆ, ಇಲ್ಲಾ ವಿಂಡೋಸ್ ಬದಲು ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್ ನಿಮಗೆ ಒಪ್ಪದಿದ್ರೆ ಮಾತ್ರ ಹೊಸದು ಕಟ್ಟಿಸಿ.