ಒಳಾಂಗಣ (ಇಂಡೋರ್) ಫುಟ್‌ಬಾಲ್ ಲೀಗ್: ಎರಡನೇ ಕ್ವಾರ್ಟರ್‌ಗೇ ತಂಡ ಸುಸ್ತಾಗುತ್ತಿದ್ದರೆ
ನಿಮ್ಮ ತಂಡ ಎರಡನೇ ಕ್ವಾರ್ಟರ್‌ಗೇ, ಅಂದರೆ ಪಂದ್ಯದ ನಾಲ್ಕು ಭಾಗದಲ್ಲಿ ಎರಡನೆಯದಕ್ಕೇ, ಸುಸ್ತಾಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೀವು ಬರೆದಿದ್ದು ನೋಡಿದರೆ ಇದು ಫಿಟ್‌ನೆಸ್ ಸಮಸ್ಯೆ ಅನ್ನಿಸುವುದಿಲ್ಲ, ಆಟಗಾರರನ್ನು ತಡವಾಗಿ ಬದಲಿಸುತ್ತಿದ್ದೀರಿ. ಹೊರಗೆ 90 ನಿಮಿಷ ಆರಾಮಾಗಿ ಓಡುವ ಹುಡುಗರು ಇಲ್ಲಿ ಎರಡನೇ ಕ್ವಾರ್ಟರ್‌ಗೇ ಏದುಸಿರು ಬಿಡುವುದು ಮಾಮೂಲು. ಸುತ್ತ ಗೋಡೆ ಇದೆ, ಚೆಂಡು ಹೊರಗೆ ಹೋಗುವುದೇ ಕಡಿಮೆ. ಉಸಿರು ತೆಗೆದುಕೊಳ್ಳಲು ಪುರುಸೊತ್ತು ಎಲ್ಲಿ?

ಮೊದಲು ಗೋಲ್‌ಕೀಪರ್ ಬಿಟ್ಟು ಐದೈದು ಜನರ ಎರಡು ಗುಂಪು ಮಾಡಿ. ಜನ ಜಾಸ್ತಿ ಇದ್ದರೆ ಮೂರು. ಒಂದೂವರೆ, ಎರಡು ನಿಮಿಷಕ್ಕೆ ಗುಂಪು ಬದಲಾಗಲಿ. ಸುಸ್ತಾದ ಮೇಲಲ್ಲ, ಅದಕ್ಕೂ ಮೊದಲೇ ಹೊರಗೆ ಬರಬೇಕು. ಫಾರ್ವರ್ಡ್‌ಗಳು ಗೊಣಗುತ್ತಾರೆ, ಗೊಣಗಲಿ ಬಿಡಿ.

ಚೆಂಡು ನಿಮ್ಮವರ ಕಾಲಲ್ಲಿದ್ದು, ಆಟ ಎದುರಾಳಿಯ ಗೋಲಿನ ಕಡೆ ಇದ್ದಾಗಲೇ ಬದಲಿಸಿ. ಆಟ ನಿಲ್ಲುವುದಿಲ್ಲ ಅಲ್ವಾ, ಹಾಗಾಗಿ ಹೊರಗೆ ಬರುವವನು ಬೆಂಚಿನ ಬಾಗಿಲ ಹತ್ತಿರ ಗೋಡೆ ಮುಟ್ಟಿದ ಮೇಲೆ ಇನ್ನೊಬ್ಬ ಮೈದಾನಕ್ಕೆ ಇಳಿಯಲಿ. ಅವಸರಪಟ್ಟು ಮೈದಾನದಲ್ಲಿ ಒಬ್ಬ ಜಾಸ್ತಿಯಾದರೆ ಸಾಮಾನ್ಯವಾಗಿ 2 ನಿಮಿಷ ಒಬ್ಬ ಕಡಿಮೆ ಆಡಬೇಕಾಗುತ್ತದೆ. ಎಷ್ಟು ಹತ್ತಿರ ಬಂದರೆ ಸಾಕು ಅನ್ನುವುದು ಲೀಗ್‌ನಿಂದ ಲೀಗ್‌ಗೆ ಬೇರೆ, ರೆಫರಿಯನ್ನು ಮೊದಲೇ ಕೇಳಿಬಿಡಿ.

ಬೆಂಚಿನಲ್ಲಿ ಆಡದ ಒಬ್ಬರು ಸ್ಟಾಪ್‌ವಾಚ್ ಹಿಡಿದು, ಗುಂಪು ಬದಲಿಸುವ ಹೊತ್ತಾದಾಗ ಕೂಗಲಿ. ಆಮೇಲೂ ಸುಸ್ತಾದರೆ ಫಿಟ್‌ನೆಸ್ ನೋಡಿ: ಸುಮ್ನೆ ಉದ್ದ ಓಟ ಬೇಡ, 20–30 ಸೆಕೆಂಡಿನ ಸ್ಪ್ರಿಂಟ್ ಹಾಕಿಸಿ.