ಪ್ರತಿಕ್ರಿಯೆ: ಚಿಕ್ಕಮಗಳೂರಿನಿಂದ 130 ಮಿ.ಮೀ. ಟೆಲಿಸ್ಕೋಪಿನಲ್ಲಿ ಶನಿಯ ಉಂಗುರ ಬರೀ ಗೆರೆ, ಕ್ಯಾಸಿನಿ ಬಿರುಕು (ಉಂಗುರಗಳ ನಡುವಿನ ಕಪ್ಪು ಅಂತರ) ಕಾಣುತ್ತಿಲ್ಲ
ಮುಖ್ಯ ಕಾರಣ ಉಂಗುರದ ವಾಲಿಕೆ, ನಿಮ್ಮ ಟೆಲಿಸ್ಕೋಪ್ ಅಲ್ಲ. 2025ರ ಮಾರ್ಚ್ 23ರಂದು ಭೂಮಿ ಉಂಗುರಗಳ ಸಮತಲವನ್ನು ದಾಟಿತು. ಅವುಗಳ ದಪ್ಪ ಹೆಚ್ಚಿನ ಕಡೆ ಹತ್ತಾರು ಮೀಟರ್ ಅಷ್ಟೇ, ಹಾಗಾಗಿ ಅಂಚಿನಿಂದ ನೋಡಿದರೆ ಗೆರೆಯೇ. ವಾಲಿಕೆ ಹೆಚ್ಚುತ್ತಾ 2032ರ ಹೊತ್ತಿಗೆ ಸುಮಾರು 27 ಡಿಗ್ರಿ ತಲುಪುತ್ತದೆ.

ಅಲ್ಲಿಯವರೆಗೆ ಹೀಗೆ ಮಾಡಿ: ಟೆಲಿಸ್ಕೋಪನ್ನು 40 ನಿಮಿಷ ಮೊದಲೇ ಹೊರಗಿಡಿ, ಶನಿ ಚೆನ್ನಾಗಿ ಮೇಲೇರಲಿ. ನಾಭಿದೂರ 650 ಮಿ.ಮೀ. ಇದ್ದರೆ 10 ಮಿ.ಮೀ. ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರ) 2 ಪಟ್ಟಿನ ಬಾರ್ಲೋ (ವರ್ಧನೆ ಹೆಚ್ಚಿಸುವ ಮಸೂರ) ಸೇರಿಸಿ. 130 ಪಟ್ಟು ವರ್ಧನೆ ಸಿಗುತ್ತದೆ. ಬಿರುಕನ್ನು ಉಂಗುರದ ಎರಡು ತುದಿಗಳಲ್ಲೇ ಹುಡುಕಿ, ಅಲ್ಲೇ ಅದು ಅತಿ ಅಗಲ ಕಾಣುವುದು.

ಎಲ್ಲವೂ ಮಸುಕಾದರೆ ಮಲೆನಾಡಿನ ಇಬ್ಬನಿ ಟೆಲಿಸ್ಕೋಪಿನೊಳಗಿನ ಚಿಕ್ಕ ಕನ್ನಡಿಯ ಮೇಲೆ ಕೂತಿರಬಹುದು. ಒರೆಸಬೇಡಿ, ಗೀರು ಬೀಳುತ್ತದೆ. ಹೇರ್ ಡ್ರೈಯರ್‌ ದೂರದಲ್ಲಿ ಹಿಡಿದು ಒಣಗಿಸಿ. ಆಮೇಲೂ ಮಸುಕೇ ಇದ್ದರೆ ಒಂದು ನಕ್ಷತ್ರದ ಫೋಕಸ್ ತಪ್ಪಿಸಿ ನೋಡಿ: ವೃತ್ತಗಳು ಒಂದು ಬದಿಗೆ ಸರಿದಿದ್ದರೆ ಕನ್ನಡಿಗಳ ಕೊಲಿಮೇಷನ್ (ಒಂದಕ್ಕೊಂದು ನೇರವಾಗಿರುವ ಜೋಡಣೆ) ಸರಿಪಡಿಸಿ.