ಅರಿವಳಿಕೆಯಲ್ಲಿ ದಾರಿ ತಪ್ಪಿದ ಮೂಗಿನ ನಳಿಗೆ

ಪ್ರಶ್ನೆ: 68 ವರ್ಷದ ನನ್ನ ತಂದೆಯವರಿಗೆ ಕರುಳಿನ ಶಸ್ತ್ರಚಿಕಿತ್ಸೆಯಾಯಿತು. ಅರಿವಳಿಕೆ ಕೊಟ್ಟ ಮೇಲೆ ಮೂಗಿನಿಂದ ಜಠರಕ್ಕೆಂದು ಹಾಕಿದ ನಳಿಗೆ (ರೈಲ್ಸ್ ಟ್ಯೂಬ್) ಬಲ ಶ್ವಾಸಕೋಶಕ್ಕೆ ಹೋಗಿ ತೂತು ಮಾಡಿದ್ದು ಎಕ್ಸ್‌ರೇಯಲ್ಲಿ ತಿಳಿಯಿತು. ಎದೆಗೆ ನಳಿಗೆ ಹಾಕಿ ಗಾಳಿ ತೆಗೆದ ಮೇಲೆ ಗುಣವಾದರು. ಶ್ವಾಸನಾಳದಲ್ಲಿ ಆಗಲೇ ಉಸಿರಾಟದ ಟ್ಯೂಬ್ ಇರುವಾಗ ಇನ್ನೊಂದು ಅಲ್ಲಿಗೆ ಹೋಗಲು ಹೇಗೆ ಸಾಧ್ಯ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದು ಅಪರೂಪ, ಆದರೆ ಅಸಾಧ್ಯವಲ್ಲ. ಉಸಿರಾಟದ ಟ್ಯೂಬಿನ ಸುತ್ತಲಿನ ಗಾಳಿ ತುಂಬಿದ ಕಫ್ ಶ್ವಾಸನಾಳದ ಗೋಡೆಗೆ ಮೃದುವಾಗಿ ಒತ್ತಿಕೊಂಡಿರುತ್ತದೆಯೇ ಹೊರತು ಅದು ಅಗುಳಿ ಹಾಕಿದ ಬಾಗಿಲಲ್ಲ. ನಳಿಗೆಯನ್ನು ಬಲವಾಗಿ ತಳ್ಳಿದರೆ ಕಫ್‌ನ ಪಕ್ಕದಿಂದ ನುಸುಳಿ, ಹೆಚ್ಚು ನೇರವೂ ಅಗಲವೂ ಆಗಿರುವ ಶ್ವಾಸನಾಳದ ಬಲಗವಲಿಗೆ ಇಳಿಯಬಹುದು. ಎಚ್ಚರವಿರುವವರು ನುಂಗಿ ನೆರವಾಗುತ್ತಾರೆ, ದಾರಿ ತಪ್ಪಿದರೆ ಸಾಮಾನ್ಯವಾಗಿ ಕೆಮ್ಮುತ್ತಾರೆ; ಸ್ನಾಯು ಸಡಿಲಿಸುವ ಔಷಧಿ ಪಡೆದವರಲ್ಲಿ ಇವೆರಡೂ ಇರುವುದಿಲ್ಲ. ವೆಂಟಿಲೇಟರಿನಿಂದ ಹೋದಷ್ಟು ಗಾಳಿ ಮರಳಿ ಬರದಿರುವುದು ಒಂದು ಸುಳಿವು, ಆದರೆ ಅದು ಪ್ರತಿ ಸಲವೂ ಕಾಣಿಸುವುದಿಲ್ಲ.

ನಳಿಗೆ ಜಠರದಲ್ಲಿದೆಯೇ ಎಂದು ತಿಳಿಯಲು ಅದರೊಳಗೆ ಸಿರಿಂಜಿನಿಂದ ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಹಳೆಯ ರೂಢಿಯನ್ನು ನಾನು ನೆಚ್ಚುವುದಿಲ್ಲ. ಶ್ವಾಸಕೋಶದಲ್ಲಿ ಊದಿದ ಗಾಳಿಯ ಸದ್ದೂ ಹೊಟ್ಟೆಯ ಮೇಲೆ ಕೇಳಿಸುತ್ತದೆ. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಇದನ್ನು ನೆಚ್ಚಬಾರದೆಂದು ಎಚ್ಚರಿಸಿತ್ತು. ಹೊಟ್ಟೆ ತೆರೆದಿದ್ದರೆ ಶಸ್ತ್ರಚಿಕಿತ್ಸಕರು ಜಠರದೊಳಗಿನ ನಳಿಗೆಯ ತುದಿಯನ್ನು ಕೈಯಿಂದಲೇ ಮುಟ್ಟಿ ನೋಡಬಹುದು. ಇಲ್ಲವಾದರೆ ನಳಿಗೆಯಿಂದ ಹೀರಿ ತೆಗೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ; ಆಮ್ಲ ಹೆಚ್ಚಿದಷ್ಟೂ ಅಂಕಿ ಕಡಿಮೆ) 5.5 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂದು ಪರೀಕ್ಷಿಸಬೇಕು. ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಂಕಿ ಏರಿರಬಹುದಾದ್ದರಿಂದ ಅನುಮಾನವಿದ್ದಾಗ ಎಕ್ಸ್‌ರೇ ಅನಿವಾರ್ಯ.

ಇಂಥ ಅಪರೂಪದ ತೊಡಕುಗಳು ಇನ್ನೂ ಇವೆ: ಅನ್ನನಾಳ ಹರಿಯುವುದು, ನಳಿಗೆ ಗಂಟು ಬೀಳುವುದು, ಜಠರದ ಶಸ್ತ್ರಚಿಕಿತ್ಸೆಯಲ್ಲಿ ಸ್ಟೇಪ್ಲರಿಗೆ ಸಿಕ್ಕಿಕೊಳ್ಳುವುದು. ತಲೆಬುರುಡೆಯ ತಳ ಮುರಿದವರಲ್ಲಿ ನಳಿಗೆ ಮಿದುಳಿಗೇ ಹೋದದ್ದುಂಟು, ಆದ್ದರಿಂದ ಅವರಿಗೆ ಬಾಯಿಯ ಮೂಲಕ ಹಾಕುತ್ತಾರೆ.

ಇದು ನಿರ್ಲಕ್ಷ್ಯವೇ ಎಂಬುದನ್ನು ಪತ್ರದ ಆಧಾರದಿಂದ ತೀರ್ಮಾನಿಸಲಾರೆ. ನಳಿಗೆಯ ಸ್ಥಾನವನ್ನು ಯಾವ ವಿಧಾನದಿಂದ ಖಚಿತಪಡಿಸಿಕೊಂಡರೆಂದು ಅರಿವಳಿಕೆಯ ದಾಖಲೆಯಲ್ಲಿ ನೋಡಿ, ವೈದ್ಯರನ್ನು ಕೇಳಿ. ನಳಿಗೆಯಲ್ಲಿ ಆಹಾರ ಹರಿಸುವ ಮೊದಲೇ ಇದು ತಿಳಿದಿದ್ದರೆ ನಿಮ್ಮ ತಂದೆಯವರು ದೊಡ್ಡ ಗಂಡಾಂತರದಿಂದ ಪಾರಾದಂತೆಯೇ. ಡಿಸ್ಚಾರ್ಜ್ ಚೀಟಿಯಲ್ಲಿ ಈ ಘಟನೆ ನಮೂದಾಗಿರಲಿ. ಮುಂದೆ ಎಂದಾದರೂ ಅರಿವಳಿಕೆ ಬೇಕಾದರೆ ಅದನ್ನು ವೈದ್ಯರಿಗೆ ಮೊದಲೇ ತೋರಿಸಿ.